ತೋಟೆ ತುಂಬುವ ವಿದ್ಯೆಯೂ ಅಭಾವದ ಕಾಲವೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ, ಟ್ರ್ಯಾಪ್ ಮತ್ತು ಸ್ಕೀಟ್ ಪಂದ್ಯಗಳ ಹಾರುಬಿಲ್ಲೆಗಳಿಗೆ ಗುರಿಯಿಡುವವರು, ಒಮ್ಮೆ ಹಾರಿಸಿದ ತೋಟೆಗಳನ್ನು ಬಿಸಾಡದೆ ಆಯ್ದು ಮನೆಗೆ ತಂದು, ಅವಕ್ಕೆ ಹೊಸ ಕೇಪು ಕೂರಿಸಿ, ಮದ್ದು ಅಳೆದು, ಚರೆ ತುಂಬಿ, ಬಾಯಿ ಮಡಿಸಿ, ಮುಂದಿನ ಆಟಕ್ಕೆ ಸಿದ್ಧಮಾಡಿಕೊಳ್ಳುವ ಪದ್ಧತಿ ತಲೆಮಾರುಗಳಿಂದ ನಡೆದುಬಂದಿದೆ. ಸುಭಿಕ್ಷದ ದಿನಗಳಲ್ಲಿ ಇದನ್ನು ಯಾರೂ ಅಷ್ಟಾಗಿ ಹೊಗಳುವುದಿಲ್ಲ. ಅಂಗಡಿಯಲ್ಲಿ ಅಗ್ಗದ ತೋಟೆ ಪೆಟ್ಟಿಗೆಗಟ್ಟಲೆ ದೊರೆಯುತ್ತಿರುವಾಗ, ರಾತ್ರಿಯ ಹೊತ್ತು ಮೇಜಿನ ಮುಂದೆ ನಿಂತು ಯಂತ್ರದ ಹಿಡಿ ಎಳೆಯುವವನನ್ನು ಜನ ಜಿಪುಣನೆಂದೇ ಬಗೆಯುತ್ತಾರೆ. ಆದರೆ 2008-09ರಲ್ಲಿ, 2012-13ರಲ್ಲಿ, ಮತ್ತೆ 2020ರಿಂದ ಮೊದಲಾಗಿ ಎರಡು ವರ್ಷಗಳ ಉದ್ದಕ್ಕೂ ಅಂಗಡಿಯ ಕಪಾಟುಗಳು ಬರಿದಾದಾಗ, ಅದೇ ಮನುಷ್ಯನನ್ನು ದೂರದರ್ಶಿಯೆಂದು ಕೊಂಡಾಡಿ, ಸ್ವಾವಲಂಬನೆಯ ಆದರ್ಶವೆಂದು ಅವನ ಕಸುಬನ್ನು ಎತ್ತಿಹಿಡಿದವರು ಹಲವರು. ಈ ವಿದ್ಯೆ ಗೌರವಕ್ಕೆ ಪಾತ್ರವಾದುದೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದಕ್ಕೆ ಸಲ್ಲತಕ್ಕ ಗೌರವ ಯಾವ ಕಾರಣಕ್ಕೆ ಎಂಬ ವಿಷಯದಲ್ಲಿ ಆ ಹೊಗಳಿಕೆಗೂ ನನ್ನ ಅಭಿಪ್ರಾಯಕ್ಕೂ ಹೊಂದಾಣಿಕೆಯಿಲ್ಲ.

ಮೊದಲು ಕೆಲಸವನ್ನೇ ಹತ್ತಿರದಿಂದ ನೋಡೋಣ. ವಿಸ್ಕಾನ್ಸಿನ್ ಪ್ರಾಂತದ ಮೇವಿಲ್ ಎಂಬ ಊರಿನ ಹೆಸರಿನೊಡನೆ ಸೇರಿಹೋಗಿರುವ 'ಮೆಕ್' ಯಂತ್ರ ಆ ದೇಶದ ಅಸಂಖ್ಯಾತ ಮನೆಗಳ ನೆಲಮಾಳಿಗೆಗಳಲ್ಲಿ ಕಾಣಸಿಗುವ ವಸ್ತು. ಅದರ ಸರಳ ಮಾದರಿಯಲ್ಲಿ ಐದು ನೆಲೆಗಳಿವೆ: ಒಂದರಲ್ಲಿ ಹಳೆಯ ಕೇಪು ಉದುರಿ ಹಿತ್ತಾಳೆಯ ಬುಡ ತನ್ನ ಮೊದಲಿನ ಅಳತೆಗೆ ಬರುತ್ತದೆ, ಎರಡನೆಯದರಲ್ಲಿ ಹೊಸ ಕೇಪು ಕೂರುತ್ತದೆ, ಮೂರನೆಯದರಲ್ಲಿ ಮದ್ದು, ಅದರ ಮೇಲೆ ವ್ಯಾಡ್ ಎಂಬ ಪ್ಲಾಸ್ಟಿಕ್ ಬಟ್ಟಲು, ಬಟ್ಟಲಿನೊಳಕ್ಕೆ ಚರೆ ಬೀಳುತ್ತವೆ, ಉಳಿದ ಎರಡರಲ್ಲಿ ಬಾಯಿ ಮಡಿಕೆಗೊಂಡು ಮುಚ್ಚುತ್ತದೆ. ಹೇಳುವುದಕ್ಕೆ ಇಷ್ಟೇ. ಆದರೆ ಪ್ರತಿಯೊಂದು ನೆಲೆಯಲ್ಲಿಯೂ ಕಣ್ಣು ಎಚ್ಚರವಾಗಿರಬೇಕು. ಕಾರ್ಖಾನೆಯಲ್ಲಿ ಎಂಟು ಮಡಿಕೆಗೊಂಡಿದ್ದ ತೋಟೆಗೆ ಎಂಟರ ಅಚ್ಚು, ಆರಿದ್ದುದಕ್ಕೆ ಆರರ ಅಚ್ಚು ಬೇಕು; ಮುಚ್ಚಿದ ಬಾಯಿ ನಡುವೆ ಕುಸಿದಿದ್ದರೆ ಒಳಗಿನ ತುಂಬು ಸಾಲದೆಂದೂ, ಉಬ್ಬಿ ನಿಂತಿದ್ದರೆ ಮಿತಿಮೀರಿತೆಂದೂ ನುರಿತವನು ನೋಡಿದೊಡನೆ ಹೇಳಬಲ್ಲ. ಚಳಿಗಾಲದ ಒಣಹವೆಯಲ್ಲಿ ಪ್ಲಾಸ್ಟಿಕ್ ಭಾಗಗಳು ವಿದ್ಯುದಾವೇಶಗೊಂಡು, ಮದ್ದಿನ ತೆಳುವಾದ ಬಿಲ್ಲೆಗಳು ನಳಿಗೆಯ ಗೋಡೆಗೆ ಅಂಟಿಕೊಂಡು, ಒಂದು ತೋಟೆಗೆ ಕಡಿಮೆಯಾಗಿಯೂ ಅದರ ಮುಂದಿನದಕ್ಕೆ ಹೆಚ್ಚಾಗಿಯೂ ಬೀಳುವುದುಂಟು. ಮದ್ದು ಕಡಿಮೆಯಾದ ತೋಟೆಯನ್ನು ಹಾರಿಸಿದಾಗ ಎಂದಿನ ಸಿಡಿತದ ಬದಲಾಗಿ ಒಂದು ಮಂದವಾದ ಉಸಿರಿನಂಥ ಸದ್ದು ಕೇಳುತ್ತದೆ. ಆಗ ಕೋವಿಯನ್ನು ಬಿಚ್ಚಿ ನಳಿಗೆಯೊಳಗೆ ವ್ಯಾಡ್ ಸಿಕ್ಕಿಕೊಂಡಿದೆಯೇ ಎಂದು ನೋಡದೆ ಇನ್ನೊಂದು ಈಡು ಹೊಡೆದವನ ನಳಿಗೆ ಸೀಳಿಹೋಗಬಹುದು. ಈ ಎಚ್ಚರವನ್ನು ತನ್ನ ಸ್ವಭಾವವನ್ನಾಗಿ ಮಾಡಿಕೊಂಡ ಮನುಷ್ಯನ ಕೈಕೆಲಸದಲ್ಲಿ ನನಗೆ ನಿಜವಾದ ಸೌಂದರ್ಯವೇ ಕಾಣುತ್ತದೆ.

ಮಲೆನಾಡಿನ ಓದುಗರಿಗೆ ಇದು ತೀರ ಅಪರಿಚಿತವಾದ ಲೋಕವಲ್ಲ. ಕೇಪಿನ ಕೋವಿಯ ಕಾಲದಲ್ಲಿ ಪ್ರತಿಯೊಂದು ಈಡನ್ನೂ ಕೋವಿಯವನೇ ಮದ್ದು ಸುರಿದು, ಗಜದಿಂದ ಗಿಡಿದು, ಚರೆ ಹಾಕಿ ಸಿದ್ಧಪಡಿಸಬೇಕಾಗಿದ್ದಿತು. ತೋಟಾ ಕೋವಿ ಬಂದ ಮೇಲೆ ಆ ಶ್ರಮ ಕಾರ್ಖಾನೆಯ ಪಾಲಾಯಿತು. ಕೊಡವರಿಗೂ ಜಮ್ಮಾ ಎಂಬ ಪಾರಂಪರಿಕ ಭೂಮಿಯ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ 10 ವರ್ಷಗಳಿಗೆ ಮುಂದುವರಿಸಿತಾದರೂ, ಮದ್ದುಗುಂಡುಗಳನ್ನು ತಯಾರಿಸುವುದಕ್ಕೆ 1959ರ ಶಸ್ತ್ರಾಸ್ತ್ರ ಅಧಿನಿಯಮದ ಪ್ರಕಾರ ಪ್ರತ್ಯೇಕವಾದ ಪರವಾನಗಿಯೇ ಬೇಕು. ಆದುದರಿಂದ ಈ ಹವ್ಯಾಸದ ಗುಣದೋಷಗಳ ಪರೀಕ್ಷೆ ಅದು ಬೆಳೆದ ನೆಲದಲ್ಲಿಯೇ ನಡೆಯತಕ್ಕದ್ದು.

ಹಾಗೆ ಪರೀಕ್ಷಿಸಿದಾಗ ಸ್ವಾವಲಂಬನೆಯ ವಾದ ಬಹುಬೇಗ ಸಡಿಲವಾಗುತ್ತದೆ. ತೋಟೆಯ ಐದು ಅಂಗಗಳಲ್ಲಿ ಮರಳಿ ಬರುವುದು ಖಾಲಿ ತೋಟೆ ಒಂದೇ. ಮಿಕ್ಕ ನಾಲ್ಕನ್ನೂ ಕೊಳ್ಳಲೇಬೇಕು. 2020ರಲ್ಲಿ ಕೋವಿ ಕೊಳ್ಳುವವರ ಪೂರ್ವಾಪರಗಳನ್ನು ತಿಳಿಯಲು ಸಂಯುಕ್ತ ಸರ್ಕಾರದ ವ್ಯವಸ್ಥೆಗೆ ಬಂದ ಕೋರಿಕೆಗಳು ಸುಮಾರು 3.97 ಕೋಟಿ, ಹೊಸದಾಗಿ ಕೋವಿ ಹಿಡಿದವರೆಲ್ಲರೂ ಕೇಳಿದ್ದು ಸಿದ್ಧವಾದ ತೋಟೆ ಗುಂಡುಗಳನ್ನು. ಆ ದೇಶದಲ್ಲಿ ಕೇಪು ತಯಾರಿಸುವ ದೊಡ್ಡ ಹೆಸರುಗಳು ಫೆಡರಲ್, ಸಿ.ಸಿ.ಐ., ವಿಂಚೆಸ್ಟರ್, ರೆಮಿಂಗ್ಟನ್ ಎಂಬ ನಾಲ್ಕು. ಇವುಗಳಲ್ಲಿ ರೆಮಿಂಗ್ಟನ್ ಅದೇ ವರ್ಷ ಜುಲೈಯಲ್ಲಿ ದಿವಾಳಿಯ ಅರ್ಜಿ ಹಾಕಿತು. ಅರ್ಕನ್ಸಾ ಪ್ರಾಂತದ ಲೋನೋಕ್‌ನಲ್ಲಿದ್ದ ಅದರ ಕಾರ್ಖಾನೆ, ಫೆಡರಲ್ ಮತ್ತು ಸಿ.ಸಿ.ಐ.ಗಳ ಒಡೆತನವಿದ್ದ ವಿಸ್ಟಾ ಸಂಸ್ಥೆಯ ಕೈಸೇರಿತು. ಕೇಪನ್ನು ಬಿಡಿಯಾಗಿ ಮಾರುವುದಕ್ಕಿಂತ ತಾನೇ ತೋಟೆಯಲ್ಲಿ ಕೂರಿಸಿ ಮಾರುವುದು ಲಾಭಕರವೆಂದು ಯಾವ ಕಾರ್ಖಾನೆಗಾದರೂ ತೋರುವುದು ಸಹಜವಲ್ಲವೆ? ಹೀಗಾಗಿ ಸಿದ್ಧ ತೋಟೆಯ ಅಭಾವದಿಂದ ಪಾರಾಗಲೆಂದು ಮನೆಯಲ್ಲಿ ಯಂತ್ರವಿಟ್ಟುಕೊಂಡವನು ಕೇಪಿನ ಅಭಾವವನ್ನು ಇನ್ನೂ ಮೊದಲೇ ಅನುಭವಿಸಿದನು. ಸೀಸದ ಕಥೆಯೂ ಇಂಥದೇ: ಅದಿರಿನಿಂದ ಸೀಸ ಕರಗಿಸುವ ಆ ದೇಶದ ಕೊನೆಯ ಕುಲುಮೆ, ಮಿಸೌರಿಯ ಹರ್ಕ್ಯುಲೇನಿಯಂನಲ್ಲಿದ್ದುದು, 2013ರ ಕೊನೆಗೆ ಮುಚ್ಚಿಹೋಗಿದೆ. ಬರಗಾಲಕ್ಕೆ ಆಶ್ರಯವಾಗಬಲ್ಲುದು ಮುಂಚೆಯೇ ಮಾಡಿದ ಸಂಗ್ರಹ ಮಾತ್ರ, ವಿದ್ಯೆಯಲ್ಲ. ಭೀತಿಯಿಂದ ಎಲ್ಲರೂ ಒಟ್ಟಿಗೆ ಸಂಗ್ರಹಕ್ಕೆ ತೊಡಗಿದರೆ ಆ ಸಂಗ್ರಹವೇ ಬರಗಾಲವನ್ನು ಹಿಗ್ಗಿಸುತ್ತದೆಂಬುದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದುಂಟು. ಮದ್ದು ತಯಾರಿಸುವವರು ಪ್ರಯೋಗಶಾಲೆಯ ನಳಿಗೆಯಲ್ಲಿ ಪರೀಕ್ಷಿಸಿ ಪ್ರಕಟಿಸುವ ಪ್ರತಿಯೊಂದು ಅಳತೆಯೂ ಇಂಥ ತೋಟೆ, ಇಂಥ ಕೇಪು, ಇಂಥ ವ್ಯಾಡ್, ಇಷ್ಟು ಚರೆ ಎಂಬ ಅಖಂಡವಾದ ಕೂಟಕ್ಕೆ ಸಂಬಂಧಿಸಿದುದು. ಪಂಡಿತರು ಹೇಳಿದ ಔಷಧಯೋಗದಲ್ಲಿ ಒಂದು ಮೂಲಿಕೆ ಸಿಕ್ಕಲಿಲ್ಲವೆಂದು ಮತ್ತೊಂದನ್ನು ಕೈಗೆ ಬಂದಂತೆ ಅರೆದು ಹಾಕುವಂತಿಲ್ಲವಷ್ಟೆ. 12 ಬೋರಿನ ಸಾಮಾನ್ಯ ತೋಟೆಗೆ ಅಮೆರಿಕದವರು ವಿಧಿಸಿಕೊಂಡಿರುವ ಒತ್ತಡದ ಪರಮಾವಧಿ ಚದರ ಅಂಗುಲಕ್ಕೆ 11,500 ಪೌಂಡು. ಉಳಿದುದೆಲ್ಲವೂ ಹಾಗೆಯೇ ಇದ್ದು ಕೇಪಿನ ಜಾತಿಯೊಂದೇ ಬದಲಾದರೂ ಒತ್ತಡ ಸಾವಿರ, ಎರಡು ಸಾವಿರ ಪೌಂಡಿನಷ್ಟು ಏರಬಹುದು. ಕಪಾಟು ತುಂಬಿರುವಾಗ ಈ ನಿಯಮವನ್ನು ಪಾಲಿಸುವುದು ಸುಲಭ. ಅಭಾವದಲ್ಲಿಯೋ, ಇಟಲಿಯಿಂದಲೋ ಫ್ರಾನ್ಸಿನಿಂದಲೋ ಬಂದ ಯಾವುದೋ ಕೇಪು, ಸ್ನೇಹಿತನ ಮನೆಯ ಹಳೆಯ ಡಬ್ಬಿಯ ಮದ್ದು, ಮೂಲೆಯಲ್ಲಿ ಉಳಿದಿದ್ದ ಬೇರೆ ಆಕಾರದ ವ್ಯಾಡ್ ಇವೆಲ್ಲವೂ ಒಂದೇ ಮೇಜಿನ ಮೇಲೆ ಸೇರಿ, "ಇಷ್ಟು ವ್ಯತ್ಯಾಸದಿಂದ ಏನಾದೀತು" ಎಂಬ ಮಾತು ಬಾಯಿಗೆ ಬರುತ್ತದೆ. ಸೀಸಕ್ಕೆ ಬದಲಾಗಿ ಉಕ್ಕಿನ ಚರೆ ಸಾಕೆನ್ನುವವರೂ ಉಂಟು. ನೀರುಹಕ್ಕಿಗಳ ಬೇಟೆಯಲ್ಲಿ ಸೀಸವನ್ನು ಅಮೆರಿಕ 1991ರಿಂದ ದೇಶಾದ್ಯಂತ ನಿಷೇಧಿಸಿರುವುದರಿಂದ ಉಕ್ಕಿನ ಚರೆ ಅಂಗಡಿಗಳಲ್ಲಿ ಇದ್ದೇ ಇರುತ್ತದೆ. ಆದರೆ ಉಕ್ಕಿಗೆ ಬೇರೆಯೇ ವ್ಯಾಡ್, ಬೇರೆಯೇ ಮದ್ದು, ಬೇರೆಯೇ ಲೆಕ್ಕ. ನಿಯಮಕ್ಕೆ ಕಟ್ಟುಬಿದ್ದು ಕೈಕಟ್ಟಿ ಕುಳಿತವನನ್ನು ನಾನು ಈ ವಿದ್ಯೆಯ ನಿಜವಾದ ಅಧಿಕಾರಿಯೆಂದು ಎಣಿಸುತ್ತೇನೆ. ಇದ್ದುದರಲ್ಲಿ ಏನಾದರೂ ಮಾಡಿ ತೋಟೆ ತುಂಬಿದವನ ಚಾತುರ್ಯವನ್ನು ಎಷ್ಟು ಮಂದಿ ಮೆಚ್ಚಿದರೂ ಅದನ್ನು ಚಾತುರ್ಯವೆಂದು ಒಪ್ಪಲಾರೆ.

ಇಷ್ಟು ಹೇಳಿದ ಮೇಲೆ, ಅಭಾವ ಈ ಹವ್ಯಾಸಕ್ಕೆ ಮಾಡಿದ ಒಂದು ದೊಡ್ಡ ಉಪಕಾರವನ್ನೂ ಹೇಳಬೇಕು. ಚರೆ ಮಾರಾಟವಾಗುವುದು 25 ಪೌಂಡಿನ, ಅಂದರೆ ಸುಮಾರು 11.3 ಕಿಲೋಗ್ರಾಮಿನ ಚೀಲಗಳಲ್ಲಿ. ಟ್ರ್ಯಾಪ್ ಆಟಗಾರರು ಬಹುಕಾಲದಿಂದ ಪೂಜ್ಯವೆಂಬಂತೆ ಪಾಲಿಸಿಕೊಂಡು ಬಂದ ಒಂದೂ ಅರೆಕಾಲು ಔನ್ಸಿನ, ಎಂದರೆ ಸುಮಾರು 32 ಗ್ರಾಂ ಚರೆಯ ಅಳತೆಯಲ್ಲಿ ಒಂದು ಚೀಲಕ್ಕೆ 355 ತೋಟೆಗಳು. ಅದನ್ನೇ ಒಂದು ಔನ್ಸಿಗೆ ಇಳಿಸಿದರೆ 400. ಔನ್ಸಿನ ಎಂಟರಲ್ಲಿ ಏಳು ಭಾಗಕ್ಕೆ, ಎಂದರೆ 25 ಗ್ರಾಮಿನ ಸಮೀಪಕ್ಕೆ ಇಳಿಸಿದರೆ 457. ಚೀಲದ ಬೆಲೆ ಏರಿದಂತೆ, ಅನೇಕರು ಮನಸ್ಸಿಲ್ಲದ ಮನಸ್ಸಿನಿಂದ ಈ ಲಘು ಅಳತೆಗೆ ತಕ್ಕ ಪ್ರಕಟಿತ ಯೋಗವನ್ನು ಹುಡುಕಿ ತುಂಬಿದರು. ತುಂಬಿ ನೋಡಿದಾಗ 16 ಗಜದ ಸಾಲಿನಿಂದ ಬಿಲ್ಲೆಗಳು ಮೊದಲಿನಂತೆಯೇ ಪುಡಿಯಾಗುತ್ತಿದ್ದುವು. ಹೆಗಲಿಗೆ ಬೀಳುತ್ತಿದ್ದ ಒದೆತ ಮಾತ್ರ ಕಡಿಮೆಯಾಗಿದ್ದಿತು. ಒಲಿಂಪಿಕ್ ಪಂದ್ಯಗಳಲ್ಲಿ ಇನ್ನೂ ದೂರದ, ಇನ್ನೂ ವೇಗದ ಬಿಲ್ಲೆಗಳನ್ನು 24 ಗ್ರಾಂ ಚರೆಯಿಂದಲೇ ಒಡೆಯುತ್ತಿದ್ದಾರೆಂಬ ಸಂಗತಿ ಎಲ್ಲರ ಕಣ್ಣೆದುರಿಗೇ ಇದ್ದರೂ, ರೂಢಿಯ ಬಲದಿಂದ ಅದರ ಅರ್ಥ ಮನಸ್ಸಿಗೆ ಇಳಿದಿರಲಿಲ್ಲ. ವಯಸ್ಸಾದವರು, ಹೊಸದಾಗಿ ಕಲಿಯುವ ಹುಡುಗರು ಮತ್ತು ಹೆಣ್ಣುಮಕ್ಕಳು ಹೆಗಲು ನೋಯದೆ ನೂರು ಬಿಲ್ಲೆಗಳ ಆಟವನ್ನು ಮುಗಿಸುವಂತಾದುದು ಸಣ್ಣ ಲಾಭವಲ್ಲ. ತನ್ನ ಹೆಗಲಿಗೂ ತನ್ನ ಆಟಕ್ಕೂ ತಕ್ಕ ತೋಟೆಯನ್ನು ತಾನೇ ಅಳೆದು ಮಾಡಿಕೊಳ್ಳಬಲ್ಲ ಈ ಸ್ವಾತಂತ್ರ್ಯವೇ ಈ ವಿದ್ಯೆಯ ಮುಖ್ಯ ಫಲವೆಂದು ನನ್ನ ನಂಬಿಕೆ. 28 ಬೋರ್ ಮತ್ತು .410ರ ಸಣ್ಣ ತೋಟೆಗಳ ವಿಷಯದಲ್ಲಿ ಇದಕ್ಕೆ ಹಣದ ಉಳಿತಾಯವೂ ಸೇರುತ್ತದೆ; ಅವು ಒಳಗೊಳ್ಳುವ ಸಾಮಗ್ರಿ ಕಡಿಮೆಯಾದರೂ ಅಂಗಡಿಯ ಬೆಲೆ 12 ಬೋರಿನದಕ್ಕಿಂತ ಹೆಚ್ಚು.

ಕೊನೆಯದಾಗಿ ಪೆಟ್ಟಿಗೆಯ ಮೇಲಿನ ಚೀಟಿಯ ಮಾತು. ತುಂಬಿದ ದಿನಾಂಕ, ಮದ್ದಿನ ಹೆಸರು ಮತ್ತು ತೂಕ, ಕೇಪು, ವ್ಯಾಡ್, ಚರೆಯ ಸಂಖ್ಯೆ ಇಷ್ಟನ್ನೂ ಬರೆದು ಅಂಟಿಸದ ಪೆಟ್ಟಿಗೆಯನ್ನು ನಾನು ಅಪೂರ್ಣ ಕೆಲಸವೆಂದೇ ಭಾವಿಸುತ್ತೇನೆ. ಅಭಾವದ ಆತುರದಲ್ಲಿ ಮೊದಲು ಬಿಟ್ಟುಹೋಗುವುದೂ ಇದೇ. ಹಿರಿಯರು ತೀರಿಕೊಂಡ ಮೇಲೆ ಮಕ್ಕಳ ಕೈಗೆ ಬರುವ ತೋಟೆಗಳಲ್ಲಿ ಎಷ್ಟೋ ಹೀಗೆ ಹೆಸರಿಲ್ಲದವು. ಹೊರಗಿನ ತೋಟೆಯ ಮೇಲೆ ಕಾರ್ಖಾನೆ ಅಚ್ಚೊತ್ತಿದ ಅಕ್ಷರಗಳು ಒಳಗಿರುವುದರ ವಿಷಯವಾಗಿ ಏನನ್ನೂ ಹೇಳುವುದಿಲ್ಲ. ಅಂಗಡಿಯಲ್ಲಿ ಎಷ್ಟೇ ಅಭಾವವಿರಲಿ, ಅಂಥವನ್ನು ಕೋವಿಗೆ ಹಾಕದೆ, ತಿಳಿದವರಿಂದ ಬಿಚ್ಚಿಸಿ, ಚರೆಯನ್ನು ಮಾತ್ರ ಉಳಿಸಿಕೊಂಡು ಮದ್ದನ್ನು ನಾಶಪಡಿಸಬೇಕು.