ವಿದ್ಯುತ್ತಿನ ಉಪಮೆ ಮತ್ತು ಬಾಡಿಗೆಯ ಗಣಕ: ಒಂದು ವಿಮರ್ಶೆ

ಸ್ವಂತ ಗಣಕಯಂತ್ರಗಳನ್ನು ಕೊಂಡು ನಡೆಸುವ ಬದಲು, ಅನ್ಯರು ಸ್ಥಾಪಿಸಿದ ಗಣಕಕೇಂದ್ರದ ಶಕ್ತಿಯನ್ನು ಜಾಲದ ಮೂಲಕ ಬಾಡಿಗೆಗೆ ಪಡೆಯುವ ಪದ್ಧತಿ ಇಂದು ವಾಣಿಜ್ಯಜಗತ್ತಿನಲ್ಲಿ ಬೇರೂರಿದೆ. ಇದನ್ನು 'ಕ್ಲೌಡ್' ಎಂದು ಕರೆಯುವುದು ವಾಡಿಕೆ. ಈ ಪರಿವರ್ತನೆಯನ್ನು ಚರಿತ್ರೆಯ ಹಿನ್ನೆಲೆಯಲ್ಲಿ ವಿವರಿಸಿದ ಗ್ರಂಥಗಳಲ್ಲಿ ನಿಕೊಲಸ್ ಕಾರ್ ಅವರ 'ದಿ ಬಿಗ್ ಸ್ವಿಚ್' (2008) ಗಮನಾರ್ಹವಾದುದು. ಅದರ ಮೂಲಪ್ರತಿಪಾದನೆ ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಇಲ್ಲಿ ಪರಿಶೀಲಿಸಲು ಬಯಸುತ್ತೇವೆ.

ಗ್ರಂಥಕಾರರ ವಾದ ಸ್ಪಷ್ಟವಾಗಿದೆ. ಒಂದು ಕಾಲಕ್ಕೆ ಕಾರ್ಖಾನೆಗಳು ತಮಗೆ ಬೇಕಾದ ಶಕ್ತಿಯನ್ನು ತಾವೇ ಉತ್ಪಾದಿಸಿಕೊಳ್ಳುತ್ತಿದ್ದವು; ಕೇಂದ್ರ ವಿದ್ಯುದಾಗಾರಗಳು ಅದನ್ನು ಅಗ್ಗವಾಗಿ ಒದಗಿಸತೊಡಗಿದ ಮೇಲೆ ಆ ಯಂತ್ರಗಳನ್ನು ಕೈಬಿಟ್ಟವು. ಗಣಕವೂ ಇದೇ ಹಾದಿಯನ್ನು ಹಿಡಿಯುವುದೆಂಬುದು ಅವರ ನಿರ್ಣಯ. ಕಲ್ಪನೆ ಹಳೆಯದೇ. ಗಣಕವು ದೂರವಾಣಿಯಂತೆ ಸಾರ್ವಜನಿಕ ಸೇವೆಯಾಗಬಹುದೆಂದು ಜಾನ್ ಮೆಕಾರ್ಥಿ ಅವರು 1961ರಲ್ಲೇ ಸೂಚಿಸಿದ್ದರು. ಅಮೆಜಾನ್ ಸಂಸ್ಥೆಯು 2006ರಲ್ಲಿ ಸಂಗ್ರಹಣೆಯನ್ನೂ ಗಣನಶಕ್ತಿಯನ್ನೂ ಬಳಸಿದಷ್ಟಕ್ಕೆ ಬೆಲೆಯೆಂಬ ಕ್ರಮದಲ್ಲಿ ಮಾರತೊಡಗಿದಾಗ ಅದು ವ್ಯಾಪಾರದ ರೂಪವನ್ನು ತಳೆಯಿತು.

ಈ ವಾದಕ್ಕೆ ನಮ್ಮ ನಾಡಿನ ಚರಿತ್ರೆಯಲ್ಲಿಯೂ ಸಮರ್ಥನೆಯುಂಟು. 1902ರಲ್ಲಿ ಮೈಸೂರು ಸರ್ಕಾರವು ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಿತು. ಗಣಿ ಕಂಪನಿಗಳು ವಿದ್ಯುದಾಗಾರವನ್ನು ಕಟ್ಟಲಿಲ್ಲ, ಶಕ್ತಿಯನ್ನು ಕೊಂಡವು. ಅಂತೆಯೇ ಇಂದಿನ ಸಣ್ಣ ವ್ಯಾಪಾರಸಂಸ್ಥೆಯೂ ಯಂತ್ರಗಳ ಮೇಲೆ ಬಂಡವಾಳ ಹೂಡದೆ, ಹಬ್ಬದ ದಿನಗಳ ಒತ್ತಡಕ್ಕೆ ಹೆಚ್ಚು ಶಕ್ತಿಯನ್ನು ಪಡೆದು, ಆಮೇಲೆ ಹಿಂದಿರುಗಿಸಬಹುದು. ಈ ಲಾಭ ನಿರ್ವಿವಾದ.

ಆದರೆ ಉಪಮೆಯು ಇಲ್ಲಿಂದ ಮುಂದಕ್ಕೆ ಸಾಗದು. ಕೋಲಾರಕ್ಕೆ ವಿದ್ಯುತ್ ಬಂದಿತು. ಕೋಲಾರದ ಲೆಕ್ಕದ ಪುಸ್ತಕಗಳು ಶಿವನಸಮುದ್ರಕ್ಕೆ ಹೋಗಲಿಲ್ಲ. ಬಾಡಿಗೆಯ ಗಣಕದಲ್ಲಿಯಾದರೋ ಗ್ರಾಹಕರ ಪಟ್ಟಿ, ಸಾಲದ ಲೆಕ್ಕ, ಪತ್ರವ್ಯವಹಾರ ಎಲ್ಲವೂ ಅನ್ಯರ ಮನೆಯನ್ನು ಸೇರುತ್ತವೆ. ಇದು ಕೊಳ್ಳುವ ಸಂಬಂಧವಷ್ಟೇ ಅಲ್ಲ, ಒತ್ತೆಯಿಡುವ ಸಂಬಂಧ. ಕಾರ್ ಅವರು ಗ್ರಂಥದ ಉತ್ತರಾರ್ಧದಲ್ಲಿ ಖಾಸಗಿತನ, ನಿಯಂತ್ರಣಗಳ ಪ್ರಶ್ನೆಯನ್ನು ಎತ್ತಿದ್ದಾರೆಂಬುದನ್ನು ಒಪ್ಪಲೇಬೇಕು. ಆದರೂ ವಾದದ ಚೌಕಟ್ಟು ವಿದ್ಯುತ್ತಿನದಾಗಿಯೇ ಉಳಿದಿರುವುದರಿಂದ, ಭದ್ರತೆಯು ಲಾಭದ ಪೂರ್ವನಿಯಮವಾಗಿ ಕಾಣದೆ ಅನಂತರದ ತೊಡಕಾಗಿ ಕಾಣುತ್ತದೆ.

ಗ್ರಂಥ ಪ್ರಕಟವಾದ ಮೇಲಿನ ಘಟನೆಗಳು ಈ ಕೊರತೆಯನ್ನು ಎತ್ತಿ ತೋರಿಸಿವೆ. 2014ರಲ್ಲಿ 'ಕೋಡ್ ಸ್ಪೇಸಸ್' ಎಂಬ ಸಂಸ್ಥೆಯ ಕ್ಲೌಡ್ ನಿಯಂತ್ರಣ ಫಲಕವು ಆಕ್ರಮಣಕಾರನ ಕೈವಶವಾಯಿತು. ಅವನು ಹಣಕ್ಕಾಗಿ ಬೆದರಿಸಿ, ದತ್ತಾಂಶವನ್ನೂ ಅದರ ಪ್ರತಿಗಳನ್ನೂ ಬಹುಮಟ್ಟಿಗೆ ಅಳಿಸಿಹಾಕಿದನು, ಸಂಸ್ಥೆಯೇ ಮುಚ್ಚಿಹೋಯಿತು. ಮೂಲವನ್ನೂ ಪ್ರತಿಗಳನ್ನೂ ಒಂದೇ ಬೀಗದ ಕೈಗೆ ಒಪ್ಪಿಸಿದ್ದೇ ಅನರ್ಥಕ್ಕೆ ಕಾರಣ. 2019ರಲ್ಲಿ 'ಕ್ಯಾಪಿಟಲ್ ಒನ್' ಬ್ಯಾಂಕಿನ ಸುಮಾರು 10 ಕೋಟಿ ಅಮೆರಿಕನ್ನರ ಮಾಹಿತಿ ಸೋರಿಹೋದುದು ಫೈರ್‌ವಾಲಿನ ತಪ್ಪು ಜೋಡಣೆಯಿಂದ. 2021ರ ಮಾರ್ಚಿಯಲ್ಲಿ ಸ್ಟ್ರಾಸ್‌ಬರ್ಗಿನ 'ಓವಿಎಚ್' ಗಣಕಕೇಂದ್ರಕ್ಕೆ ಬೆಂಕಿ ಬಿದ್ದಾಗ, ಬೇರೆಡೆ ಪ್ರತಿ ಇರಿಸದ ಗ್ರಾಹಕರು ತಮ್ಮ ದತ್ತಾಂಶವನ್ನು ಕಳೆದುಕೊಂಡರು. ಬಾಡಿಗೆ ಕೊಟ್ಟೊಡನೆ ಹೊಣೆಯೂ ಕಳೆಯಿತೆಂಬ ಭಾವನೆ ಎಷ್ಟು ಅಪಾಯಕರವೆಂಬುದು ಇವುಗಳಿಂದ ವಿದಿತವಾಗುತ್ತದೆ.

ಜಾಲಭದ್ರತೆಯ ನೂತನ ಸಿದ್ಧಾಂತಕ್ಕೆ ಮಹತ್ವ ಬರುವುದು ಈ ಸಂದರ್ಭದಲ್ಲಿ. ಹಳೆಯ ಪದ್ಧತಿ ಕೋಟೆಯ ಮಾದರಿಯದು: ಹೊರಗೋಡೆಯನ್ನು ದಾಟಿದವನು ಒಳಗೆ ನಂಬಿಕಸ್ಥ. ದತ್ತಾಂಶವೇ ಕೋಟೆಯ ಹೊರಗಿರುವಾಗ ಗೋಡೆಯಿಂದೇನು ಫಲ? 2010ರಲ್ಲಿ ಜಾನ್ ಕಿಂಡರ್‌ವಾಗ್ ಅವರು ಪ್ರಚುರಪಡಿಸಿದ 'ಜೀರೋ ಟ್ರಸ್ಟ್' ತತ್ತ್ವದಂತೆ, ಒಳಗಿನವನಾಗಲಿ ಹೊರಗಿನವನಾಗಲಿ ಪ್ರತಿಯೊಂದು ಬಾಗಿಲಲ್ಲಿಯೂ ಗುರುತು ತೋರಿಸಬೇಕು. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಪಡೆಯಬೇಕು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 2020ರಲ್ಲಿ ಇದಕ್ಕೆ ಶಾಸ್ತ್ರೀಯ ನಿರೂಪಣೆಯನ್ನು ಕೊಟ್ಟಿತು. ಕಾವಲಿಗೆ ತಜ್ಞರನ್ನು ನೇಮಿಸಲಾರದ ಸಣ್ಣ ಸಂಸ್ಥೆಗೆ, ದೊಡ್ಡ ಗಣಕಕೇಂದ್ರದ ಅಹೋರಾತ್ರಿಯ ಎಚ್ಚರ ಬಾಡಿಗೆಯೊಡನೆಯೇ ದೊರೆಯುವುದುಂಟು. ವಿದ್ಯುತ್ತಿನ ಉಪಮೆಯಲ್ಲಿ ಕಾಣದ ಲಾಭವಿದು. ಬಹುಶಃ ಎಲ್ಲಕ್ಕಿಂತ ದೊಡ್ಡದು.

ಆದ್ದರಿಂದ ಕಾರ್ ಅವರ ಭವಿಷ್ಯಕಥನ ಬಹುಮಟ್ಟಿಗೆ ನಿಜವಾದರೂ ಅದಕ್ಕೆ ಅವರು ಆಯ್ದ ಉಪಮೆ ಅಸಮರ್ಪಕವೆಂದೇ ನಾವು ಭಾವಿಸುತ್ತೇವೆ. ವಿದ್ಯುದಾಗಾರಕ್ಕಿಂತ ಖಜಾನೆ ಇದಕ್ಕೆ ಹತ್ತಿರದ ಹೋಲಿಕೆ. ಖಜಾನೆಯಲ್ಲಿ ಹಣವಿಡುವವನು ಬಡ್ಡಿಯ ದರವೊಂದನ್ನೇ ವಿಚಾರಿಸುವುದಿಲ್ಲ. ಬೀಗದ ಕೈ ಯಾರಲ್ಲಿದೆ, ಪ್ರತಿಲೆಕ್ಕ ಎಲ್ಲಿದೆ ಎಂದೂ ವಿಚಾರಿಸುತ್ತಾನೆ. ವ್ಯಾಪಾರಸಂಸ್ಥೆಗಳು ಈ ಎರಡು ಪ್ರಶ್ನೆಗಳಿಗೆ ಉತ್ತರ ಪಡೆದ ಮೇಲೆಯೇ ಒಪ್ಪಂದಕ್ಕೆ ಸಹಿ ಹಾಕುವುದು ಕ್ಷೇಮ. ವರ್ತಕರ ಕಡತಗಳನ್ನು ಆಧಾರವಾಗಿಟ್ಟು ಆರ್ಥಿಕ ಇತಿಹಾಸವನ್ನು ರಚಿಸುವ ನಮಗೂ ಇದರಲ್ಲಿ ಆಸಕ್ತಿಯಿದೆ: ಇಂದು ಅಳಿಸಿಹೋದ ಲೆಕ್ಕ ನಾಳೆಯ ಚರಿತ್ರಕಾರನಿಗೆ ದೊರೆಯಲಾರದು.