ಹಿತ್ತಿಲ ಕೋಣೆಯ ಅಳತೆ, ನೆರೆಮನೆಯ ಬಿಸಿಲು

ಇಂಗ್ಲೆಂಡಿನಲ್ಲಿ ಸ್ವಂತ ಮನೆ ಇರುವವರು ಹಿತ್ತಿಲ ಕಡೆಗೆ ಒಂದು ಕೋಣೆಯನ್ನು ಸೇರಿಸಿಕೊಳ್ಳಲು ಬಹಳಷ್ಟು ಸಂದರ್ಭಗಳಲ್ಲಿ ಪೂರ್ಣ ಯೋಜನಾ ಅನುಮತಿ ಪಡೆಯಬೇಕಾಗಿಲ್ಲ. ಗೊತ್ತುಪಡಿಸಿದ ಅಳತೆಗಳೊಳಗೆ ಕಟ್ಟಿದರೆ ಸಂಸತ್ತೇ ಅನುಮತಿ ಕೊಟ್ಟಂತೆ ಎಂದು ಅಲ್ಲಿನ ಕಾನೂನು ಭಾವಿಸುತ್ತದೆ. ಇದಕ್ಕೆ 'ಅನುಮತಿಸಿದ ಅಭಿವೃದ್ಧಿ' ಎಂದು ಹೆಸರು. ಈಗ ಜಾರಿಯಲ್ಲಿರುವುದು 2015ರ ಆದೇಶ. ವೇಲ್ಸ್ ಮತ್ತು ಸ್ಕಾಟ್ಲೆಂಡ್‌ಗಳಿಗೆ ಬೇರೆ ನಿಯಮಗಳಿವೆ. ಸಣ್ಣ ಕೆಲಸಗಳಿಗೆ ಕಚೇರಿ ಅಲೆಯುವುದನ್ನು ತಪ್ಪಿಸುವ ಈ ವ್ಯವಸ್ಥೆಯ ಉದ್ದೇಶ ಒಳ್ಳೆಯದೇ. ಆದರೆ ಅದು ಆರಿಸಿಕೊಂಡಿರುವ ಅಳತೆಗಳು ಅಳೆಯಬೇಕಾದುದನ್ನೇ ಅಳೆಯುತ್ತಿವೆಯೇ ಎಂಬುದನ್ನು ಪರಿಶೀಲಿಸಬೇಕಾಗಿದೆ.

2008ರ ಅಕ್ಟೋಬರ್‌ವರೆಗೆ ನಿಯಮವು ಘನಗಾತ್ರವನ್ನು ಆಧರಿಸಿತ್ತು. ಸಾಲುಮನೆಗೆ 50 ಘನಮೀಟರ್ ಅಥವಾ ಮೂಲ ಮನೆಯ ಶೇ. 10, ಇತರ ಮನೆಗಳಿಗೆ 70 ಘನಮೀಟರ್ ಅಥವಾ ಶೇ. 15, ಇವುಗಳಲ್ಲಿ ಹೆಚ್ಚಿನದು. ಒಟ್ಟು ಮಿತಿ 115 ಘನಮೀಟರ್. ಮೂಲ ಮನೆ ಎಂದರೆ 1948ರ ಜುಲೈ 1ರಂದು ಇದ್ದಂತಹ ಮನೆ, ಅನಂತರ ಕಟ್ಟಿದ್ದರೆ ಮೊದಲು ಕಟ್ಟಿದ ರೂಪ. ಘನಗಾತ್ರದ ದೋಷ ಸ್ಪಷ್ಟವಾಗಿದೆ. ಅದೇ 50 ಘನಮೀಟರನ್ನು ಅಗಲವಾಗಿ, ತಗ್ಗಾಗಿ ಕಟ್ಟಬಹುದು. ಗಡಿಗೆ ಒತ್ತಿ ಉದ್ದವಾಗಿಯೂ ಕಟ್ಟಬಹುದು. ನೆರೆಯವರ ಮೇಲಿನ ಪರಿಣಾಮ ಎರಡರಲ್ಲೂ ಬೇರೆ ಬೇರೆ.

2008ರಲ್ಲಿ ಇದನ್ನು ಬದಲಿಸಿ ಆಳ ಮತ್ತು ಎತ್ತರಗಳ ಮಿತಿ ತಂದರು. ಒಂದೇ ಅಂತಸ್ತಿನ ಹಿಂಭಾಗದ ಕೋಣೆ ಮೂಲ ಮನೆಯ ಹಿಂಗೋಡೆಯಿಂದ 3 ಮೀಟರ್, ಒಂಟಿ ಮನೆಯಾದರೆ 4 ಮೀಟರ್ ಮುಂದಕ್ಕೆ ಬರಬಹುದು. ಗರಿಷ್ಠ ಎತ್ತರ 4 ಮೀಟರ್. ಗಡಿಯಿಂದ 2 ಮೀಟರ್ ಒಳಗಿದ್ದರೆ ಸೂರಿನ ಎತ್ತರ 3 ಮೀಟರ್ ಮೀರಬಾರದು. ಮೂಲ ಮನೆಯನ್ನು ಬಿಟ್ಟು ಉಳಿದ ಆವರಣದ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ಕಟ್ಟಡ ಇರಬಾರದು. ಇದು ನಿಜವಾದ ಸುಧಾರಣೆ. ನೆರೆಯವರಿಗೆ ತಟ್ಟುವುದು ಗೋಡೆಯ ಆಳ ಮತ್ತು ಎತ್ತರವೇ ಹೊರತು ಘನಗಾತ್ರವಲ್ಲ.

ಆದರೆ ಇಲ್ಲಿ ಒಂದು ಮುಖ್ಯ ಅಂಶ ಬಿಟ್ಟುಹೋಗಿದೆ: ದಿಕ್ಕು. ಲಂಡನ್ ಸುಮಾರು 51.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಸಂಕ್ರಮಣದ ನಡುಹಗಲಲ್ಲೂ ಸೂರ್ಯ ಅಲ್ಲಿ ದಿಗಂತದಿಂದ ಕೇವಲ 15 ಡಿಗ್ರಿ ಮೇಲಿರುತ್ತಾನೆ. ಬೆಂಗಳೂರಿನಲ್ಲಿ ಅದೇ ಹೊತ್ತಿಗೆ 53 ಡಿಗ್ರಿಗೂ ಮೇಲೆ. ಅಂದರೆ 3 ಮೀಟರ್ ಎತ್ತರದ ಗೋಡೆಯ ನೆರಳು ಬೆಂಗಳೂರಿನಲ್ಲಿ 2.2 ಮೀಟರ್ ಆದರೆ ಲಂಡನ್ನಿನಲ್ಲಿ ಸುಮಾರು 11 ಮೀಟರ್.

ಒಂದು ಲೆಕ್ಕ ಮಾಡೋಣ. ಹಿತ್ತಿಲು ಪಶ್ಚಿಮಕ್ಕಿರುವ ಸಾಲುಮನೆ ಎಂದುಕೊಳ್ಳಿ. ದಕ್ಷಿಣದ ನೆರೆಯವರು ಗಡಿಯಲ್ಲೇ 3 ಮೀಟರ್ ಎತ್ತರದ, 3 ಮೀಟರ್ ಆಳದ ಕೋಣೆ ಕಟ್ಟುತ್ತಾರೆ. ನಿಮ್ಮ ಕಿಟಕಿಯ ನಡುಬಿಂದು ಗಡಿಯಿಂದ 1.5 ಮೀಟರ್ ದೂರದಲ್ಲಿ, ನೆಲದಿಂದ 1.5 ಮೀಟರ್ ಎತ್ತರದಲ್ಲಿದೆ. ಪಶ್ಚಿಮದ ಗೋಡೆಯ ಕಿಟಕಿಗೆ ಬಿಸಿಲು ಬೀಳುವುದು ಮಧ್ಯಾಹ್ನದ ನಂತರ ಮಾತ್ರ. ಹೊಸ ಗೋಡೆಯು ನೇರ ದಕ್ಷಿಣದಿಂದ ಪಶ್ಚಿಮಕ್ಕೆ ಸುಮಾರು 63 ಡಿಗ್ರಿಯವರೆಗೆ ನೋಟವನ್ನು ಮರೆಮಾಡುತ್ತದೆ. ಡಿಸೆಂಬರ್ ಸಂಕ್ರಮಣದಂದು ಲಂಡನ್ನಿನಲ್ಲಿ ಸೂರ್ಯ ಮುಳುಗುವುದೇ ದಕ್ಷಿಣದಿಂದ ಸುಮಾರು 50 ಡಿಗ್ರಿಯಲ್ಲಿ. ಆದ್ದರಿಂದ ಅಂದು ಆ ಬಿಂದುವಿಗೆ ನೇರ ಬಿಸಿಲು ಒಂದು ನಿಮಿಷವೂ ಸಿಗದು. ವಿಷುವದ ದಿನಗಳಲ್ಲಿ ಮೊದಲು ಸಿಗುತ್ತಿದ್ದ 6 ಗಂಟೆಗಳಲ್ಲಿ ಉಳಿಯುವುದು 2 ಗಂಟೆ ಚಿಲ್ಲರೆ. ಅದೇ ಕೋಣೆಯನ್ನು ಉತ್ತರದ ನೆರೆಯವರು ಕಟ್ಟಿದರೆ ಈ ದಿನಗಳಲ್ಲಿ ನಿಮ್ಮ ಬಿಸಿಲಿಗೆ ಅಡ್ಡಿಯೇ ಇಲ್ಲ. ನಿಯಮದ ಕಣ್ಣಿಗೆ ಈ ಎರಡೂ ಒಂದೇ!

2013ರ ಮೇ ತಿಂಗಳಲ್ಲಿ ಈ ಮಿತಿಗಳನ್ನು ಇಮ್ಮಡಿಗೊಳಿಸಲಾಯಿತು: ಅಂಟಿದ ಮನೆಗಳಿಗೆ 6 ಮೀಟರ್, ಒಂಟಿ ಮನೆಗಳಿಗೆ 8 ಮೀಟರ್. ತಾತ್ಕಾಲಿಕವೆಂದು ತಂದ ಈ ಸಡಿಲಿಕೆ 2019ರಲ್ಲಿ ಕಾಯಂ ಆಯಿತು. ಸಂರಕ್ಷಿತ ಪ್ರದೇಶಗಳಿಗೆ ಇದು ಅನ್ವಯಿಸದು. ಮೇಲಿನ ಲೆಕ್ಕದಲ್ಲಿ 6 ಮೀಟರ್ ಹಾಕಿದರೆ ವಿಷುವದಂದು ಉಳಿಯುವ ಬಿಸಿಲು 1 ಗಂಟೆಯಿಂದ ಸ್ವಲ್ಪ ಹೆಚ್ಚು.

ಇಂತಹ ದೊಡ್ಡ ಕೋಣೆಗಳಿಗೆ ಮೊದಲು ಸ್ಥಳೀಯ ಪ್ರಾಧಿಕಾರಕ್ಕೆ ತಿಳಿಸಬೇಕು. ಪ್ರಾಧಿಕಾರ ಅಕ್ಕಪಕ್ಕದವರಿಗೆ ನೋಟೀಸು ಕೊಟ್ಟು ಕನಿಷ್ಠ 21 ದಿನ ಕಾಯುತ್ತದೆ. ಅವರಲ್ಲಿ ಯಾರಾದರೂ ಆಕ್ಷೇಪಿಸಿದರೆ ಮಾತ್ರ ನೆರೆಯವರ ಸೌಖ್ಯದ ಮೇಲಾಗುವ ಪರಿಣಾಮವನ್ನು ಪರಿಶೀಲಿಸುತ್ತದೆ. ಯಾರೂ ಮಾತನಾಡದಿದ್ದರೆ ಪರಿಶೀಲನೆಯೇ ಇಲ್ಲ. 42 ದಿನಗಳಲ್ಲಿ ತೀರ್ಮಾನ ತಿಳಿಸದಿದ್ದರೂ ಕೆಲಸ ಆರಂಭಿಸಬಹುದು. ನೋಟೀಸು ಬಂದಾಗ ಊರಲ್ಲಿಲ್ಲದವರು, ನಕ್ಷೆ ಓದಲು ಬಾರದ ವೃದ್ಧರು, ಪಕ್ಕದವರೊಂದಿಗೆ ಜಗಳ ಬೇಡವೆಂದು ಸುಮ್ಮನಾದವರು, ಇವರೆಲ್ಲರ ಮೌನವೂ ಒಪ್ಪಿಗೆಯಾಗುತ್ತದೆ. ಬೆಳಕು ಭೌತಿಕ ಪರಿಮಾಣ. ಯಾರು ದೂರು ಕೊಟ್ಟರು ಎಂಬುದರಿಂದ ಅದು ಹೆಚ್ಚು ಕಡಿಮೆ ಆಗುವುದಿಲ್ಲ.

ಅಧಿಕಾರಿಯ ವಿವೇಚನೆಗೆ ಬಿಟ್ಟರೆ ವಿಳಂಬವೂ ಅನಿಶ್ಚಯವೂ ಬರುತ್ತವೆ, ಅಳತೆಪಟ್ಟಿಯ ನಿಯಮ ಎಲ್ಲರಿಗೂ ಸ್ಪಷ್ಟ ಎಂಬುದು ಸಮರ್ಥಕರ ವಾದ. ಇದನ್ನು ಒಪ್ಪಬಹುದು. ಆದರೆ ಕೋನವೂ ಅಳತೆಯೇ. ಬ್ರಿಟನ್ನಿನ ಕಟ್ಟಡ ಸಂಶೋಧನಾ ಸಂಸ್ಥೆಯ ಹಗಲುಬೆಳಕಿನ ಮಾರ್ಗದರ್ಶಿ 1991ರಿಂದಲೂ 45 ಡಿಗ್ರಿಯ ಸರಳ ಪರೀಕ್ಷೆಯೊಂದನ್ನು ಸೂಚಿಸುತ್ತಿದೆ. ನಕ್ಷೆಯಲ್ಲಿ ಮತ್ತು ಎತ್ತರದ ಚಿತ್ರದಲ್ಲಿ ಹೊಸ ಕಟ್ಟಡದ ಅಂಚಿನಿಂದ ಒಂದೊಂದು ಗೆರೆ ಎಳೆಯಬೇಕು. ನೆರೆಮನೆಯ ಕಿಟಕಿಯ ನಡುಭಾಗ ಎರಡೂ ಗೆರೆಗಳ ಒಳಕ್ಕೆ ಬಿದ್ದರೆ ಬೆಳಕಿಗೆ ಗಣನೀಯ ಧಕ್ಕೆಯಾಗಬಹುದು. ಇದಕ್ಕೆ ಬೇಕಾದುದು ಒಂದು ಕೋನಮಾಪಕ ಮಾತ್ರ. ಪೂರ್ಣ ಅನುಮತಿಯ ಅರ್ಜಿಗಳಲ್ಲಿ ಎಷ್ಟೋ ಪ್ರಾಧಿಕಾರಗಳು ಇದನ್ನು ಬಳಸುತ್ತವೆ. ಅನುಮತಿ ಬೇಡದ ಕಟ್ಟಡಕ್ಕೆ ಮಾತ್ರ ಇದು ಬೇಡವಾಗಿದೆ.

ಆವರಣದ ಅರ್ಧ ಎಂಬ ಮಿತಿಯಲ್ಲೂ ಕೊರತೆ ಇದೆ. ಅದು ಲೆಕ್ಕಕ್ಕೆ ಹಿಡಿಯುವುದು ಕಟ್ಟಡಗಳನ್ನು ಮಾತ್ರ. ಮನೆಯ ಮುಂದೆ 5 ಚದರ ಮೀಟರಿಗಿಂತ ಹೆಚ್ಚು ನೆಲ ಮುಚ್ಚುವಾಗ ನೀರು ಇಂಗುವ ವ್ಯವಸ್ಥೆ ಬೇಕೆಂದು 2008ರಲ್ಲೇ ವಿಧಿಸಲಾಗಿದೆ. ಹಿತ್ತಿಲಿಗೆ ಆ ಷರತ್ತಿಲ್ಲ. ಉಳಿದ ಅರ್ಧಕ್ಕೂ ಕಾಂಕ್ರೀಟ್ ಹಾಸಿದರೆ ಮಳೆನೀರು ಚರಂಡಿಗೇ ಹೋಗಬೇಕು.

ಸುಧಾರಣೆ ಕಷ್ಟವಲ್ಲ. 6 ಮೀಟರಿನ ಕೋಣೆಗೆ ಅರ್ಜಿದಾರರು ಈಗಲೇ ಆಳ, ಎತ್ತರ ಮತ್ತು ನಕ್ಷೆ ಕೊಡುತ್ತಾರೆ. ಅದೇ ನಕ್ಷೆಯಲ್ಲಿ ಪಕ್ಕದ ಮನೆಯ ಹತ್ತಿರದ ಕಿಟಕಿ, ಉತ್ತರ ದಿಕ್ಕು ಮತ್ತು 45 ಡಿಗ್ರಿಯ ಗೆರೆಗಳನ್ನು ತೋರಿಸುವುದು ಕಡ್ಡಾಯವಾಗಬೇಕು. ಗೆರೆ ದಾಟಿದಲ್ಲಿ, ಆಕ್ಷೇಪ ಬರಲಿ ಬಿಡಲಿ, ಪರಿಶೀಲನೆ ನಡೆಯಬೇಕು. ಗೆರೆಯೊಳಗಿದ್ದವರು ಈಗಿನಂತೆಯೇ ನಿಶ್ಚಿಂತೆಯಿಂದ ಕಟ್ಟಬಹುದು.