ಪಾಸ್‌ಬುಕ್ ಬಂದರೆ ಬಡತನ ಹೋಯಿತೇ?

ಪಟ್ಟಣದಲ್ಲಿ ದಿನಕ್ಕೆ 32 ರೂಪಾಯಿ, ಹಳ್ಳಿಯಲ್ಲಿ 26 ರೂಪಾಯಿ ಖರ್ಚು ಮಾಡಬಲ್ಲವರು ಬಡವರಲ್ಲ ಎಂದು 2011ರಲ್ಲಿ ಯೋಜನಾ ಆಯೋಗ ಸುಪ್ರೀಂ ಕೋರ್ಟಿಗೆ ಹೇಳಿ ಜನರ ಸಿಟ್ಟಿಗೆ ಗುರಿಯಾಗಿತ್ತು. ಅದರ ಮುಂದೆ ನೀತಿ ಆಯೋಗದ ಬಹು ಆಯಾಮದ ಬಡತನ ಸೂಚ್ಯಂಕ ಎಷ್ಟೋ ವಾಸಿ. ಮಗುವಿನ ತೂಕ ಸರಿಯಿದೆಯೇ, ಶಾಲೆಗೆ ಹೋಗುತ್ತಿದೆಯೇ, ಅಡುಗೆಗೆ ಸೌದೆಯೇ ಗ್ಯಾಸೇ ಎಂದು ಅದು ಮನೆಯೊಳಗಿನ ಸ್ಥಿತಿ ನೋಡುತ್ತದೆ.

ನನ್ನ ತಕರಾರು ಅಂಕ ಹಾಕುವ ರೀತಿಯದು. ಆರೋಗ್ಯ, ಶಿಕ್ಷಣ, ಜೀವನಮಟ್ಟ ಮೂರಕ್ಕೂ ಸಮಪಾಲು. ಜೀವನಮಟ್ಟದಡಿ ಏಳು ಅಂಶ: ಅಡುಗೆ ಇಂಧನ, ಶೌಚಾಲಯ, ಕುಡಿಯುವ ನೀರು, ವಿದ್ಯುತ್, ಮನೆ, ಸಾಮಾನು, ಬ್ಯಾಂಕ್ ಖಾತೆ. ಒಟ್ಟು ಕೊರತೆ ಮೂರನೇ ಒಂದು ಪಾಲು ಮುಟ್ಟಿದರಷ್ಟೇ ಕುಟುಂಬ ಬಡತನದ ಲೆಕ್ಕಕ್ಕೆ ಸೇರುತ್ತದೆ. ಒಂದು ಮನೆಯನ್ನು ಊಹಿಸಿಕೊಳ್ಳಿ: ಮಣ್ಣಿನ ನೆಲ, ಸೌದೆ ಒಲೆ, ಚಿಮಣಿ ಬುಡ್ಡಿ, ಹಳ್ಳದ ನೀರು, ಶೌಚಕ್ಕೆ ಬಯಲು, ಸಾಮಾನೆಂದರೆ ಒಂದೇ ಮೊಬೈಲ್. ಆರೋಗ್ಯ, ಶಿಕ್ಷಣದಲ್ಲಿ ಕೊರತೆಯಿಲ್ಲ ಎನ್ನೋಣ. ಖಾತೆಯೂ ಇಲ್ಲದಿದ್ದರೆ ಕೊರತೆ 21ರಲ್ಲಿ 7, ಅವರು ಬಡವರು. ಮನೆಯಾಕೆಗೆ ಜನಧನ ಖಾತೆ ತೆರೆದುಕೊಟ್ಟರೆ 21ರಲ್ಲಿ 6, ಬಡತನದಿಂದ ಪಾರು! ಖಾತೆಯಲ್ಲಿ ಒಂದು ರೂಪಾಯಿಯೂ ಇರಬೇಕಾಗಿಲ್ಲ.

ಆಕೆಯ ಕೂಲಿ ಎಷ್ಟು, ಸಾಲದ ವಾರದ ಕಂತು ಎಷ್ಟು ಎಂದು ಈ ಸೂಚ್ಯಂಕ ಕೇಳುವುದೇ ಇಲ್ಲ. 2015-16 ಮತ್ತು 2019-21ರ ಸಮೀಕ್ಷೆಗಳ ನಡುವೆ ಕರ್ನಾಟಕದ ಬಡತನ ಶೇ. 12.77ರಿಂದ 7.58ಕ್ಕೆ ಇಳಿಯಿತು ಎಂದು ಅದು ಹೇಳುತ್ತದೆ. ಇದೇ ರಾಜ್ಯ 2025ರಲ್ಲಿ ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ಶೌಚಾಲಯ, ಗ್ಯಾಸ್ ಬಂದಿರುವುದು ನಿಜ, ಹೆಣ್ಣುಮಕ್ಕಳ ಪಾಲಿಗೆ ಅದು ದೊಡ್ಡದೇ. ಆದರೆ ಸರ್ಕಾರ ತಾನೇ ಹಂಚಿದ್ದನ್ನು ತಾನೇ ಎಣಿಸಿಕೊಂಡು ಬಡತನ ಇಳಿಯಿತು ಎಂದರೆ ಒಪ್ಪುವುದು ಕಷ್ಟ. 2022-23ಕ್ಕೆ ಕೊನೆಗೊಂಡ ಒಂಬತ್ತು ವರ್ಷಗಳಲ್ಲಿ ದೇಶದಲ್ಲಿ 24.82 ಕೋಟಿ ಜನ ಬಡತನದಿಂದ ಪಾರಾದರು ಎಂಬ ಲೆಕ್ಕವಂತೂ ಹಳೆಯ ಸಮೀಕ್ಷೆಗಳ ಗತಿಯನ್ನು ಮುಂದಕ್ಕೆಳೆದು ಮಾಡಿದ ಅಂದಾಜು.

ಕೇರಳ ಬೇರೆ ದಾರಿ ಹಿಡಿಯಿತು. ಆಹಾರ, ಆರೋಗ್ಯ, ಆದಾಯ, ವಸತಿ ನೋಡಿ 64,006 ಕುಟುಂಬಗಳನ್ನು ಗುರುತಿಸಿ, ಒಂದೊಂದಕ್ಕೂ ಪ್ರತ್ಯೇಕ ಯೋಜನೆ ಮಾಡಿತು. 2025ರ ನವೆಂಬರ್ 1ರಂದು ಕಡುಬಡತನ ಮುಗಿಯಿತೆಂದು ಘೋಷಿಸಿದ್ದು ಆತುರವೆಂದೇ ನನ್ನ ಭಾವನೆ. ಪಟ್ಟಿಯಿಂದ ಬಿಟ್ಟುಹೋದವರ ಪ್ರಶ್ನೆ ಹಾಗೇ ಉಳಿದಿದೆ. ಆದರೂ ಮನೆ ಮನೆಯ ಹೆಸರಿರುವ ಪಟ್ಟಿ ಅದು. ಮತ್ತೆ ಬಡತನಕ್ಕೆ ಜಾರಿದವರ ಬಾಗಿಲಿಗೆ ಪಂಚಾಯಿತಿ ಹೋಗಲೇಬೇಕಾಗುತ್ತದೆ. ನೀತಿ ಆಯೋಗ ತನ್ನ ಮುಂದಿನ ಲೆಕ್ಕದಲ್ಲಿ ಬ್ಯಾಂಕ್ ಖಾತೆಯನ್ನು ಕೈಬಿಟ್ಟು, ಆ ಜಾಗದಲ್ಲಿ ಕುಟುಂಬದ ಸಾಲವನ್ನು ಸೇರಿಸಲಿ.